ವರದಿಯ ಕೆಳಗಿನ ಸಹಿ

ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ: "ಮಂಗಳೂರಿಗೆ ಹೋಗಿ ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಿಕೊಳ್ಳಲು ಅತ್ತಿಗೆಯನ್ನು ಹೇಗೋ ಒಪ್ಪಿಸಿದ್ದೆ. ಈಗ ಚಿತ್ರವನ್ನು ಕಂಪ್ಯೂಟರೇ ನೋಡಿ ಹೇಳುತ್ತದಂತೆ ಎಂದು ಯಾರೋ ಅಂದದ್ದೇ ತಡ, ಅವರು ಹಿಂದೆ ಸರಿದರು. ಈ ಹೆದರಿಕೆಗೆ ಅರ್ಥವಿದೆಯೇ?"

ಮಾನ್ಯರೇ,

ನಿಮ್ಮ ಅತ್ತಿಗೆಯವರ ಹಿಂಜರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಸ್ತನ ಕ್ಯಾನ್ಸರ್ ತಪಾಸಣೆ ಬಹುಕಾಲದಿಂದ ರೂಢಿಯಲ್ಲಿರುವ ಯುರೋಪಿನಲ್ಲಿಯೂ ಕೃತಕ ಬುದ್ಧಿಮತ್ತೆ ವೈದ್ಯರಿಗೆ ನೆರವಾಗಲಿ, ಆದರೆ ವೈದ್ಯರ ಜಾಗದಲ್ಲಿ ಕೂರುವುದು ಬೇಡ ಎನ್ನುವ ಮಹಿಳೆಯರು ಬಹಳ. ತಪ್ಪಾದರೆ ಯಾರನ್ನು ಕೇಳಬೇಕು ಎಂಬುದು ಅವರದೂ ಪ್ರಶ್ನೆಯೇ.

ಸ್ವೀಡನ್ನಿನಲ್ಲಿ ಪ್ರತಿ ಮ್ಯಾಮೋಗ್ರಾಂ ಚಿತ್ರವನ್ನು ಇಬ್ಬರು ರೇಡಿಯಾಲಜಿಸ್ಟರು, ಅಂದರೆ ಇಂಥ ಚಿತ್ರಗಳನ್ನು ಓದುವ ತಜ್ಞ ವೈದ್ಯರು, ನೋಡುವುದು ವಾಡಿಕೆ. ಅಲ್ಲಿ 80 ಸಾವಿರ ಮಹಿಳೆಯರನ್ನು ಎರಡು ಗುಂಪು ಮಾಡಿ ನಡೆಸಿದ 'ಮಸಾಯ್' ಪ್ರಯೋಗದ ಮೊದಲ ಫಲಿತಾಂಶ 2023ರಲ್ಲಿ ಹೊರಬಂತು. ಒಂದು ಗುಂಪಿನ ಚಿತ್ರಗಳಿಗೆ ಕೃತಕ ಬುದ್ಧಿಮತ್ತೆಯ ಯಂತ್ರವು 1ರಿಂದ 10ರವರೆಗೆ ಅಪಾಯದ ಅಂಕ ಕೊಟ್ಟಿತು. 10 ಬಂದ ಚಿತ್ರಗಳನ್ನು ಇಬ್ಬರು, ಉಳಿದವನ್ನು ಒಬ್ಬರು ವೈದ್ಯರು ಪರಿಶೀಲಿಸಿದರು. ಹಳೆಯ ಕ್ರಮದಲ್ಲಿ 203 ಮಂದಿಯಲ್ಲಿ ಕ್ಯಾನ್ಸರ್ ಪತ್ತೆಯಾದರೆ, ಈ ಗುಂಪಿನಲ್ಲಿ 244 ಮಂದಿಯಲ್ಲಿ ಪತ್ತೆಯಾಯಿತು. ವೈದ್ಯರು ಚಿತ್ರ ನೋಡುವ ಕೆಲಸ ಶೇ. 44ರಷ್ಟು ಇಳಿಯಿತು. ಕಂಪ್ಯೂಟರೇ ನೋಡಿ ಹೇಳಿತು ಎಂಬ ಸುದ್ದಿಯಲ್ಲಿ ಬಿಟ್ಟುಹೋಗುವ ಮಾತೆಂದರೆ, ವೈದ್ಯರು ನೋಡದ ಚಿತ್ರ ಅಲ್ಲಿ ಒಂದೂ ಇರಲಿಲ್ಲ.

ಆದರೆ ಈ ಲೆಕ್ಕವನ್ನು ಹಾಗೆಯೇ ಕರಾವಳಿಗೆ ತಂದು ಇಳಿಸಲಾಗದು. ನಮ್ಮ ದೇಶದಲ್ಲಿ ಈ ಕಾಯಿಲೆ ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ಹೆಚ್ಚು, ಮತ್ತು ಎಳೆಯ ವಯಸ್ಸಿನ ದಟ್ಟ ಅಂಗಾಂಶವೂ ಗಂಟೂ ಮ್ಯಾಮೋಗ್ರಾಂನಲ್ಲಿ ಒಂದೇ ಬಿಳುಪಾಗಿ ಕಾಣುವುದರಿಂದ ಒಂದರೊಳಗೆ ಇನ್ನೊಂದು ಅಡಗಿಬಿಡುತ್ತದೆ. ಬೇರೆ ನಾಡಿನ ಚಿತ್ರಗಳಿಂದ ಕಲಿತ ಯಂತ್ರವನ್ನು ಇಲ್ಲಿನ ಮಹಿಳೆಯರ ಚಿತ್ರಗಳ ಮೇಲೆ ಪರೀಕ್ಷಿಸಿದ್ದೀರಾ ಎಂದು ತಪಾಸಣಾ ಕೇಂದ್ರದವರನ್ನು ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ, ಮೀನು ಕೊಳ್ಳುವಾಗ ನಾವು ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತೇವೆ.

ನನಗೆ ಯಂತ್ರಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನವರ ಪೈಕಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಯಂತ್ರವನ್ನು ನಂಬಬೇಕೇ ಎಂಬ ಚರ್ಚೆಯ ನೆಪದಲ್ಲಿ ಅತ್ತಿಗೆಯವರೂ ಮನೆಯಲ್ಲೇ ಉಳಿದರೆ ಅವರಿಗೇ ನಷ್ಟ.

ಅವರ ವಯಸ್ಸನ್ನು ನೀವು ತಿಳಿಸಿಲ್ಲ. ಮ್ಯಾಮೋಗ್ರಾಂ ಅವರಿಗೆ ಸೂಕ್ತವೇ ಎಂಬುದನ್ನು ಮೊದಲು ವೈದ್ಯರಿಂದ ತಿಳಿದುಕೊಳ್ಳಿ. ಅಂತಿಮ ವರದಿಗೆ ಯಾವ ರೇಡಿಯಾಲಜಿಸ್ಟರು ಸಹಿ ಹಾಕುತ್ತಾರೆ ಎಂದು ಹೊರಡುವ ಮುನ್ನವೇ ಫೋನಿನಲ್ಲಿ ವಿಚಾರಿಸಿ. ಕೈಗೆ ಗಂಟು ಸಿಗುತ್ತಿದ್ದರಂತೂ, ವರದಿಯಲ್ಲಿ ಏನೂ ಇಲ್ಲವೆಂದಿದ್ದರೂ, ಅದನ್ನು ವೈದ್ಯರಿಗೆ ತೋರಿಸದೆ ಬಿಡಬೇಡಿ.

— ಸಂಪಾದಕ