ಕಂಪನಿ ಸಂವಹನದಿಂದ ಸಾಕ್ಷ್ಯಚಿತ್ರಕ್ಕೆ: ಅರ್ಜಿಗೆ ಉತ್ತರ ಬರ್ತಿಲ್ಲ ಅಂದವರಿಗೆ

ಕಲಬುರಗಿಯಲ್ಲಿ ಮೂರು ವರ್ಷ ಸಿಮೆಂಟ್ ಕಂಪನಿಯ ಸಂವಹನ ವಿಭಾಗದಲ್ಲಿದ್ದು ಸಾಕ್ಷ್ಯಚಿತ್ರದ ಕಡೆ ಹೊರಟಿದ್ದೀರಿ, ಕೆಲಸದ ಅರ್ಜಿಗೆ ಉತ್ತರವಿಲ್ಲ. ತೊಡಕು ಬಹುಶಃ ಪೋರ್ಟ್‌ಫೋಲಿಯೊದಲ್ಲಿದೆ, ಅಂದರೆ ಅರ್ಜಿ ಜೊತೆ ಕಳಿಸೋ ಕೆಲಸದ ಮಾದರಿಗಳಲ್ಲಿ: ಪತ್ರಿಕಾ ಪ್ರಕಟಣೆಯಲ್ಲಿ ಕಂಪನಿಯ ದನಿ ಕೇಳುತ್ತೆ, ನಿಮ್ಮ ಕಣ್ಣು ಕಾಣಲ್ಲ.

ಮೊದಲು ಆ ಪ್ರಕಟಣೆಗಳನ್ನು ಅಲ್ಲಿಂದ ತೆಗೆಯಿರಿ. ಒಳಗಿನ ಕಡತ ತೋರಿಸಿದರೆ ಗೋಪ್ಯತೆಯ ಷರತ್ತೂ ಮುರಿಯಬಹುದು. ಆಮೇಲೆ ಬೀದರಿನ ಬಿದ್ರಿ ಕುಶಲಕರ್ಮಿಯೊಬ್ಬರ ಅನುಮತಿ ಪಡೆದು 90 ಸೆಕೆಂಡಿನ ಚಿತ್ರ ಮಾಡಿ. ಕೋಟೆಯ ಮಣ್ಣು, ನವಸಾಗರದ ಲೇಪಕ್ಕೆ ಸತು-ತಾಮ್ರದ ಹೂದಾನಿ ಕಪ್ಪಾಗಿ ಬೆಳ್ಳಿಗೆರೆ ಮಾತ್ರ ಹೊಳೆಯುವ ಗಳಿಗೆ ಹತ್ತಿರದಿಂದ ಹಿಡಿಯಿರಿ. "ಶ್ರೀಮಂತ ಪರಂಪರೆ" ಅನ್ನೋ ಪ್ರಕಟಣೆ ಮಾತು ಬೇಡವೇ ಬೇಡ. ಉಳಿಯ ಸದ್ದಿಗೆ ಕಾಲರ್ ಮೈಕ್ ಇಡಿ; ದೂರದಲ್ಲಿಟ್ಟ ಫೋನು ಬೀದಿಯ ಗದ್ದಲವನ್ನೂ ಎಳೆದುಕೊಳ್ಳುತ್ತೆ.

ಅರ್ಜಿಯ ಮೊದಲ ಸಾಲಲ್ಲೇ ಈ ಚಿತ್ರದ ಲಿಂಕ್, ಕೆಳಗೆ ಒಂದು ಪುಟದ ಸ್ಕ್ರಿಪ್ಟ್. ಈಗಿನ ಕೆಲಸ ಸದ್ಯಕ್ಕೆ ಬಿಡಬೇಡಿ.