ಡೊಂಬಿವಲಿಯಿಂದ ಮುಂಬೈನ ಮಾಟುಂಗಾಕ್ಕೆ ಬಿಕಾಂ ಓದಲು ಓಡಾಡುವವರು ಓದನ್ನು ಮುಂದೂಡದಿರುವುದು ಹೇಗೆ?

ಮೊದಲು ಲೋಕಲ್ ರೈಲಿನಲ್ಲಿ ಓದುವ ಆಸೆ ಬಿಡಿ. ಬೆಳಗಿನ ಗರ್ದಿಯಲ್ಲಿ ಪುಸ್ತಕ ಬಿಚ್ಚಲು ಮೊಣಕೈ ಆಡುವಷ್ಟೂ ಜಾಗವಿರುವುದಿಲ್ಲ. ಅದರ ಬದಲು ನಿನ್ನೆ ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಳ್ಳಿ. ಮತ್ತೆ ಮತ್ತೆ ಓದುವುದಕ್ಕಿಂತ ಅದು ಚೆನ್ನಾಗಿ ತಲೆಯಲ್ಲಿ ನಿಲ್ಲುತ್ತದೆ.

'ನಾಳೆ ನೋಡೋಣ' ಅನ್ನುವುದು ಎಷ್ಟೋ ಸಲ ಸೋಮಾರಿತನವಲ್ಲ, ವಿಷಯದ ಭಯ. ಹಾಗಾಗಿ 'ಅಕೌಂಟ್ಸ್ ಓದಬೇಕು' ಅಂತ ಬರೆದಿಡಬೇಡಿ, 'ಡೆಪ್ರಿಸಿಯೇಷನ್, ಮೂರನೇ ಲೆಕ್ಕ' ಅಂತ ಬರೆಯಿರಿ. ಶುರು ಮಾಡಲು ಪೊಮೊಡೊರೊ ಪದ್ಧತಿ ಒಳ್ಳೆಯದು: 25 ನಿಮಿಷ ಓದು, 5 ನಿಮಿಷ ಬಿಡುವು. ಮೊಬೈಲ್ ಅಮ್ಮನ ಹತ್ತಿರ ಅಡುಗೆಮನೆಯಲ್ಲಿರಲಿ (ಬೈಗುಳ ಉಚಿತ).

ರಾತ್ರಿ ಮನೆ ಸೇರಿದ ಮೇಲೆ ಓದುತ್ತೇನೆ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ. ಮಧ್ಯಾಹ್ನ ಲೆಕ್ಚರ್ ಮುಗಿದ ಕೂಡಲೇ ಕಾಲೇಜಿನ ಲೈಬ್ರರಿಯಲ್ಲೇ ಕೂತು ಕಷ್ಟದ ವಿಷಯ ಮುಗಿಸಿ, ಸಂಜೆಯ ನೂಕುನುಗ್ಗಲಿಗೆ ಮುಂಚೆ ಗಾಡಿ ಹತ್ತಿಬಿಡಿ.