ಮಗಳ ಶಾಲೆಯ ವಿಷಯದಲ್ಲಿ ತಂದೆ-ತಾಯಿಗೆ ಒಮ್ಮತವಿಲ್ಲದಿದ್ದರೆ ಕೋರ್ಟು ಏನು ನೋಡುತ್ತದೆ?

ಎಂಟು ವರ್ಷದ ಮಗಳು ನಿಮ್ಮೊಡನೆ ಕಲಬುರಗಿಯಲ್ಲಿ ಓದುತ್ತಿದ್ದಾಳೆ, ಬೇರೆಯಾಗಿರುವ ಪತಿ ಅವಳನ್ನು ಹೈದರಾಬಾದಿನ ವಸತಿ ಶಾಲೆಗೆ ಸೇರಿಸಬೇಕೆನ್ನುತ್ತಾರೆ, ತಂದೆಯೇ ಪೋಷಕರೆಂದು ಕೋರ್ಟು ಅವರ ಮಾತನ್ನೇ ಒಪ್ಪಿಬಿಡುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಇಂಥ ಪ್ರಕರಣಗಳನ್ನು ನಡೆಸುವ ವಕೀಲಳಾಗಿ ಹೇಳುತ್ತೇನೆ, ಹಾಗೇನೂ ಇಲ್ಲ.

ಹಿಂದೂಗಳಿಗೆ ಅನ್ವಯಿಸುವ 1956ರ ಪೋಷಕತ್ವ ಕಾಯ್ದೆಯ 6ನೇ ಕಲಮು ತಂದೆಯನ್ನು ಮೊದಲು ಹೆಸರಿಸುತ್ತದೆ, ನಿಜ. ಆದರೆ ಅದೇ ಕಾಯ್ದೆಯ 13ನೇ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದೆನ್ನುತ್ತದೆ. ತಂದೆ ಹೊಣೆ ಹೊರದಿರುವಾಗ ಅವರು ಬದುಕಿದ್ದರೂ ತಾಯಿಯೇ ಪೋಷಕಳಾಗಬಹುದೆಂದು ಸುಪ್ರೀಂ ಕೋರ್ಟು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದೆ. ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಊರಿನಲ್ಲೇ ಅರ್ಜಿ ಹಾಕಬೇಕಾದ್ದರಿಂದ, ಅದರಡಿ ನಿಮ್ಮ ಪತಿಯೂ ಕಲಬುರಗಿಗೇ ಬರಬೇಕಾಗುತ್ತದೆ.

ನ್ಯಾಯಾಲಯ ಮೊದಲು ನಿಮ್ಮಿಬ್ಬರನ್ನೂ ಆಪ್ತ ಸಮಾಲೋಚಕರ ಬಳಿಗೋ ಮಧ್ಯಸ್ಥಿಕೆಗೋ ಕಳಿಸಬಹುದು, ಏಕೆಂದರೆ ರಾಜಿಗೆ ಪ್ರಯತ್ನಿಸುವುದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮು ಹೊರಿಸಿದ ಕರ್ತವ್ಯ. ಮಗಳು ಇಲ್ಲಿಯೇ ಓದಲಿ, ಬೇಸಿಗೆ ರಜೆ ತಂದೆಯೊಡನೆ ಕಳೆಯಲಿ, ಶಾಲೆಯ ಅಂಕಪಟ್ಟಿ ಇಬ್ಬರಿಗೂ ಸಿಗಲಿ ಎಂಬಂಥ ಒಪ್ಪಂದ ಅಲ್ಲಿ ಆಗಬಹುದು. ಒಪ್ಪಿಗೆಯಿಂದಾದ ಆದೇಶದ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಇರುವುದಿಲ್ಲ, ಆದ್ದರಿಂದ ಪ್ರತಿ ಸಾಲನ್ನೂ ಓದಿಯೇ ಸಹಿ ಮಾಡಿರಿ.

ರಾಜಿಯಾಗದಿದ್ದರೆ ವಿಚಾರಣೆ ನಡೆಯುತ್ತದೆ. ಆಗ ಪತಿಯ ತಪ್ಪುಗಳ ಪಟ್ಟಿಗಿಂತ ಮಗಳ ದಿನಚರಿಯ ದಾಖಲೆಗಳು ಹೆಚ್ಚು ಕೆಲಸಕ್ಕೆ ಬರುತ್ತವೆ: ನೀವು ಸಹಿ ಮಾಡಿದ ಶಾಲೆಯ ಡೈರಿ, ಹಾಜರಾತಿ, ಲಸಿಕೆ ಕಾರ್ಡು, ಶುಲ್ಕದ ರಸೀದಿ, ಅವಳು ಜ್ವರದಿಂದ ಮಲಗಿದ್ದಾಗ ಜತೆಗಿದ್ದವರು ಯಾರೆಂಬುದು. ಪತಿ ಹೇಳುವ ಶಾಲೆ ನಿಜಕ್ಕೂ ಒಳ್ಳೆಯದಾಗಿದ್ದರೆ ಅದನ್ನು ಅಲ್ಲಗಳೆಯಬೇಡಿರಿ. ಎಂಟರ ಹುಡುಗಿ ಹಾಸ್ಟೆಲಿನಲ್ಲಿರಲು ಸಿದ್ಧಳೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ತಿಳಿವಳಿಕೆಯಿಂದ ಹೇಳಬಲ್ಲ ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನೂ ಪರಿಗಣಿಸಬಹುದಾದ್ದರಿಂದ ನ್ಯಾಯಾಧೀಶರು ಅವಳನ್ನು ಚೇಂಬರಿನಲ್ಲಿ ಒಬ್ಬಳನ್ನೇ ಮಾತಾಡಿಸಬಹುದು. ದಯವಿಟ್ಟು ಅವಳಿಗೆ ಏನನ್ನೂ ಹೇಳಿಕೊಟ್ಟು ಕಳಿಸಬೇಡಿರಿ. ಬಾಯಿಪಾಠ ಮಾಡಿದ ಮಾತು ಥಟ್ಟನೆ ಗೊತ್ತಾಗುತ್ತದೆ, ಆ ಭಾರ ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

ಅಂತಿಮ ತೀರ್ಪು ತಡವಾಗಬಹುದು, ಶಾಲೆಯಂತೂ ಕಾಯುವುದಿಲ್ಲ. ಹೊಸ ತರಗತಿ ಆರಂಭವಾಗುವ ಮುನ್ನವೇ, ಪ್ರಕರಣ ಮುಗಿಯುವವರೆಗೆ ಟಿಸಿ ತೆಗೆಯದಂತೆ ಮಧ್ಯಂತರ ಆದೇಶ ಕೋರಿ ಅರ್ಜಿ ಹಾಕಿರಿ, ಅದರ ಪ್ರತಿಯನ್ನು ಮುಖ್ಯಗುರುಗಳಿಗೂ ಕೊಡಿರಿ.